ಸೋದರಮಾವನ ಕಪ್ಪು ಹಲ್ಲು

ಅಕ್ಕನ ಮಗಳ ನಿಶ್ಚಿತಾರ್ಥದ ಫೋಟೊಗಳು ಮೊಬೈಲಿಗೆ ಬಂದ ಮೇಲೆ ಕಾರ್ಕಳದ ಬೀಗರ ಮನೆಯಲ್ಲಿ ಒಂದು ಸಂಶಯ ಹುಟ್ಟಿತು. ಹುಡುಗನ ತಾಯಿ ಅಕ್ಕನಿಗೆ ಫೋನು ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಕೇಳಿದರಂತೆ: "ನಿಮ್ಮ ತಮ್ಮನಿಗೆ ಈ ಸಂಬಂಧ ಮನಸ್ಸಿಗೆ ಬರಲಿಲ್ವಾ ಎಂತ? ಒಂದು ಫೋಟೊದಲ್ಲಿಯೂ ನಗಲಿಲ್ಲವಲ್ಲ."

ನಮ್ಮ ಕಡೆ ಸೋದರಮಾವ ಮುಖ ಗಂಟು ಹಾಕಿದರೆ ಅದು ಬರೀ ಮುಖ ಅಲ್ಲ, ಅಭಿಪ್ರಾಯ. ನನಗೆ ಅಭಿಪ್ರಾಯ ಎಂತದೂ ಇರಲಿಲ್ಲ ಮಾರಾಯ್ರೆ; ಇದ್ದದ್ದು ಒಂದು ಕಪ್ಪು ಹಲ್ಲು. ಮೇಲಿನ ಸಾಲಿನ ನಟ್ಟನಡುವೆ, ಎಂದೋ ಬೈಕಿನಿಂದ ಬಿದ್ದಾಗ ಪೆಟ್ಟಾಗಿ ಸತ್ತದ್ದು. ಅದನ್ನು ಮುಚ್ಚಲು ತುಟಿ ಬಿಗಿಯುತ್ತೇನೆ. ಬಿಗಿದರೆ ಯಾರ ಮೇಲೋ ಕೇಸು ಹಾಕಲು ಹೊರಟವನಂತೆ ಕಾಣುತ್ತೇನೆ.

"ಮಾವ, ಮದುವೆಯ ದಿನ ನೀವು ಹಲ್ಲು ಬಿಡಲೇಬೇಕು. ಇಲ್ಲದಿದ್ದರೆ ಅತ್ತೆ ಜೀವಮಾನ ಇಡೀ ನನ್ನನ್ನೇ ಕೇಳ್ತಾರೆ," ಎಂದಳು ಹುಡುಗಿ. ಅವಳ ದನಿಯಲ್ಲಿ ತಮಾಷೆ ಕಡಿಮೆ ಇತ್ತು.

ಹಾಗಾಗಿ ಕಾಪುವಿನಿಂದ ಮಣಿಪಾಲಕ್ಕೆ ಹೋದೆ. ಕ್ಲಿನಿಕ್ಕಿನ ಗೋಡೆ ತುಂಬ ನಗುವವರ ಚಿತ್ರಗಳು. ಇಷ್ಟು ಜನ ಕಾರಣವಿಲ್ಲದೆ ನಗುವ ಜಾಗದಲ್ಲಿ ಕಿಸೆ ಮುಟ್ಟಿ ನೋಡಿಕೊಳ್ಳುವುದು ಒಳ್ಳೆಯದು. ಡಾಕ್ಟರು ಧಾರವಾಡ ಕಡೆಯ ಎಳೆ ವಯಸ್ಸಿನ ಹೆಣ್ಣುಮಗಳು.

"ಈ ಹಲ್ಲಿಗೆ ಕ್ಯಾಪ್ ಹಾಕೋಣ್ರಿ ಸರ. ಆದ್ರ ಮೊದಲ ಎಲ್ಲಾ ಹಲ್ಲು ಕ್ಲೀನ್ ಮಾಡಿಸ್ರಿ, ಚಾದ ಕಲೆ ಭಾಳ ಐತಿ. ಖರೇ ಬಣ್ಣ ಹೊರಗ ಬಂದ ಮ್ಯಾಲ ಅದಕ್ಕ ಹೊಂದೂ ಕ್ಯಾಪ್ ಮಾಡಸೂಣು."

ಇಲ್ಲಿ ಉಂಟು ಗುಟ್ಟು, ಎಂದುಕೊಂಡೆ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಎಂದು ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಡಿಲ ಆದ ಮೇಲೆ ಒಂದೊಂದಕ್ಕೂ ಒಂದೊಂದು ಕ್ಯಾಪ್!

"ಬೇಡ. ಆ ಒಂದೇ ಹಲ್ಲು ಸಾಕು."

"ಆಮ್ಯಾಲ ಕ್ಲೀನ್ ಮಾಡಿಸಿದ್ರ ಕ್ಯಾಪಿನ ಬಣ್ಣ ಬದಲಾಗೂದಿಲ್ರಿ."

"ಮಾಡಿಸಿದರೆ ತಾನೆ?"

ಅವರು ಬಣ್ಣಬಣ್ಣದ ಹಲ್ಲುಗಳ ಪಟ್ಟಿಯೊಂದನ್ನು ನನ್ನ ಬಾಯಿಗೆ ಹಿಡಿದರು, ಪೈಂಟಿನ ಅಂಗಡಿಯಲ್ಲಿ ತೋರಿಸುವ ಹಾಗೆ. ಕನ್ನಡಿ ನೋಡಿ, ನನ್ನ ಉಳಿದ ಹಲ್ಲುಗಳಿಗೆ ಸರಿಯಾಗುವ ಚಹಾ ಬಣ್ಣದ್ದನ್ನೇ ಆರಿಸಿದೆ. ಮಾಸ್ಕಿನೊಳಗೆ ಡಾಕ್ಟರು ಉಸಿರು ಬಿಟ್ಟದ್ದು ಕೇಳಿಸಿತು. ಬೇಟೆ ತಪ್ಪಿದ ಬೇಸರ ಇರಬೇಕು.

ರೂಟ್ ಕೆನಾಲ್ ಮುಗಿದು ಕ್ಯಾಪ್ ಕೂತಿತು. ಯಾವುದು ನನ್ನದು, ಯಾವುದು ಅವರದು ಎಂದು ನನಗೇ ತಿಳಿಯದಷ್ಟು ಹೊಂದಿತು. ಮನೆಯಲ್ಲಿ ಕನ್ನಡಿಯ ಎದುರು ನಗುವ ಅಭ್ಯಾಸ ಶುರು ಮಾಡಿದೆ. "ಎಂತ, ಒಬ್ಬರೇ ನಗುವುದು?" ಎಂದಳು ಹೆಂಡತಿ. "ಬಾಗಿಲು ಹಾಕಿಕೊಂಡು ನಗಿ. ನೆರೆಯವರು ನೋಡಿದರೆ ಎಂತ ಹೇಳಿಯಾರು!"

ಮದುವೆ ಹತ್ತಿರ ಬಂದಾಗ ವಸಡು ಬಾತಿತು. ಬ್ರಷ್ ಮುಟ್ಟಿದರೆ ರಕ್ತ. ಪುನಃ ಅದೇ ಕುರ್ಚಿ, ಅದೇ ಡಾಕ್ಟರು. ಹಲ್ಲಿನ ಬುಡದಲ್ಲಿ ಕಟ್ಟಿದ ಗಟ್ಟಿ ಪಾಚಿಯನ್ನು ಕ್ಲೀನ್ ಮಾಡಿ ತೆಗೆಯದೆ ಉಪಾಯವಿಲ್ಲ ಎಂದರು. ಈ ಸಲ ವಾದಿಸುವಷ್ಟು ಬಾಯಿ ನನಗೆ ಇರಲಿಲ್ಲ.

ಮುಗಿದ ಮೇಲೆ ಕನ್ನಡಿ ಕೊಟ್ಟರು. ಹಲ್ಲುಗಳೆಲ್ಲ ಬೆಳ್ಳಗೆ. ಒಂದೂ ಅಲುಗುತ್ತಿರಲಿಲ್ಲ, ಆಮೇಲೆ ವಾಪಸು ಬರುವಾಗ ಬಸ್ಸಿನಲ್ಲಿ ಉಡುಪಿಯವರೆಗೂ ನಾಲಗೆಯಿಂದ ತಳ್ಳಿ ನೋಡಿದೆ. ನಡುವೆ ಹೊಸದಾಗಿ ಹಾಕಿಸಿದ್ದು ಒಂದೇ ಹಳದಿ. ಡಾಕ್ಟರು "ಹೇಳಿದ್ನಲ್ರಿ" ಎನ್ನಲಿಲ್ಲ. ಎಂದಿದ್ದರೆ ಜಗಳವಾದರೂ ಮಾಡಬಹುದಿತ್ತು. "ಕ್ಯಾಪ್ ಬದಲಿ ಮಾಡಬಹುದ್ರಿ. ಆದ್ರ ವಸಡು ಆರಬೇಕು, ಮದುವಿ ಒಳಗ ಆಗೂದಿಲ್ಲ," ಎಂದರು ಅಷ್ಟೆ.

ಮದುವೆಯ ವೇದಿಕೆಯಲ್ಲಿ ಫೋಟೊದವನು ಕೂಗಿದ: "ಸೋದರಮಾವ, ಸ್ವಲ್ಪ ನಗಿ!" ಕೆಳಗೆ ಮುಂದಿನ ಸಾಲಿನಲ್ಲಿ ಹುಡುಗನ ತಾಯಿ. ಅವರ ಕಣ್ಣು ಮದುಮಕ್ಕಳ ಮೇಲೆ ಇರಲಿಲ್ಲ, ನನ್ನ ಮೇಲಿತ್ತು. ಪಕ್ಕದಲ್ಲಿ ಹುಡುಗಿ ಕ್ಯಾಮೆರಾ ನೋಡುತ್ತಲೇ ನನ್ನ ತೋಳು ಹಿಡಿದು ಒತ್ತಿದಳು. ತುಟಿ ಒಮ್ಮೆ ತಾನಾಗಿ ಬಿಗಿಯಿತು. ಆಮೇಲೆ, ಆದದ್ದಾಗಲಿ ಎಂದು, ಡಾಕ್ಟರಿಗೆ ತೋರಿಸುವಷ್ಟು ಅಗಲಕ್ಕೆ ಬಾಯಿ ತೆರೆದೆ.

ಊಟದ ಹಾಲ್‌ನಲ್ಲಿ ಬೀಗಿತ್ತಿ ನನ್ನನ್ನು ಹುಡುಕಿಕೊಂಡು ಬಂದರು. "ಈಗ ಸಮಾಧಾನ ಆಯಿತು ನೋಡಿ. ನಿಮಗೂ ಒಪ್ಪಿಗೆ ಉಂಟು ಅಲ್ವಾ?"

"ಉಂಟು, ಉಂಟು," ಎಂದು ಇನ್ನೊಮ್ಮೆ ಪೂರ್ತಿ ನಕ್ಕು ತೋರಿಸಿದೆ.

ಅವರು ತಲೆಯಾಡಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೇಗ ಬೇಗ ಆಚೆ ಹೋದರು. ಕೆಮ್ಮು ಬಂದಿರಬೇಕು.