ಹುಣಸೆಹಣ್ಣಿನಲ್ಲಿ ಬೆಳಗಿದ ಕೆರಿಸ್

ಗಂಧದೆಣ್ಣೆಯ ವಾಸನೆ ಎಲ್ಲೇ ಬರಲಿ, ನನಗೆ ದೇವರಮನೆ ನೆನಪಾಗುವುದಿಲ್ಲ. ಕುವೈತಿನ ಖೈತಾನಿನಲ್ಲಿದ್ದ ನಮ್ಮ ಫ್ಲಾಟು, ಗೊರಗುಟ್ಟುವ ಏಸಿ, ನೆಲಕ್ಕೆ ಹಾಸಿದ ಬಿಳಿ ಪಂಚೆ, ಅದರ ಮೇಲೆ ಎಣ್ಣೆ ಸವರಿಟ್ಟ ಅಪ್ಪನ ಕೆರಿಸ್‌ಗಳು ನೆನಪಾಗುತ್ತವೆ. ಕೆರಿಸ್ ಎಂದರೆ ಜಾವಾದ ಬಾಕು, ಹರಿಯುವ ಹಾವಿನಂತೆ ಬಳುಕಿದ ಅಲಗಿನದು. ಮೈಸೂರಿನ ಅಪ್ಪನಿಗೆ ಆ ಹುಚ್ಚು ಹಿಡಿಸಿದವರು ಅವರದೇ ಆಫೀಸಿನ ಎಂಜಿನಿಯರ್, ಜಾವಾದ ಹಾರ್ಜೊ ಅಂಕಲ್. ಹಿಂದೆ ಜಾವಾವನ್ನು ಆಳಿದವರಲ್ಲವೇ ಡಚ್ಚರು, ಕುವೈತಿನ ಕೆಲಸ ಮುಗಿಸಿ ಊರಿಗೆ ಹೊರಟಾಗ ಅವರು ಮಾರುತ್ತಿದ್ದ ಮನೆಸಾಮಾನಿನಲ್ಲಿ ಅಪ್ಪ ಒಂದೊಂದಾಗಿ ಹುಡುಕಿ ತಂದರು. ರಜೆಯ ದಿನವಾದ ಶುಕ್ರವಾರ ಮಧ್ಯಾಹ್ನ ಹಾರ್ಜೊ ಅಂಕಲ್ ಬಂದು ನೋಡುವುದನ್ನು ಕಲಿಸುತ್ತಿದ್ದರು. ಹಿಡಿಯ ಚಿನ್ನಕ್ಕೆ ಮರುಳಾಗಬಾರದು, ಮೊದಲು ಅಲಗು. ಕಪ್ಪು ಕಬ್ಬಿಣದ ಮೇಲಿನ ಬಿಳಿಗೆರೆಗಳು ಬರೆದಂತೆ ಕಂಡರೆ ಅನುಮಾನಪಡಬೇಕು, ಒಳಗಿನಿಂದ ಎದ್ದು ಬಂದಂತಿದ್ದರೆ ನಂಬಬಹುದು. ಅಪ್ಪ ಕಣ್ಣುಮುಚ್ಚಿ ಬೆರಳಾಡಿಸಿ ಅಸಲಿಯೋ ನಕಲಿಯೋ ಹೇಳುವಷ್ಟು ಕಲಿತರು. ಎಲ್ಲಕ್ಕಿಂತ ಹಳೆಯದನ್ನು ಸೋಫಾದ ಮೇಲಿನ ಗೋಡೆಗೆ ತೂಗುಹಾಕಿ ಬಂದವರಿಗೆಲ್ಲ ವಿವರಿಸುತ್ತಿದ್ದರು. ಅಮ್ಮ ಕಾಫಿ ತಂದಿಟ್ಟು, ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಅವಳ ಕೈಗೆ ಅದನ್ನು ಯಾರೂ ಕೊಟ್ಟಿರಲಿಲ್ಲ.

ಒಂದು ವರ್ಷ ಆಯುಧಪೂಜೆ ಶುಕ್ರವಾರವೇ ಬಂತು. ಅಪ್ಪ ಅತಿಥಿಗಳನ್ನು ಕರೆತರಲು ಹೋಗಿದ್ದರು. ಅಮ್ಮ ಕತ್ತರಿ, ಹೊಲಿಗೆ ಮಷೀನುಗಳ ಪಕ್ಕದಲ್ಲಿಡಲು ಗೋಡೆಯ ಕೆರಿಸನ್ನೂ ಇಳಿಸಿದಳು. "ನಮ್ಮನೇಲಿರೋ ಆಯುಧ ಅಂದ್ರೆ ಇದೇ ಅಲ್ವೇನೆ? ಮಸಿ ಹಿಡಿದುಬಿಟ್ಟಿದೆ ನೋಡು. ನಿಮ್ಮಪ್ಪಂಗೆ ಖುಷಿಯಾಗುತ್ತೆ" ಎನ್ನುತ್ತ, ದೀಪದ ಕಂಬ ಬೆಳಗುವಂತೆ ಹುಣಸೆಹಣ್ಣು ಹಾಕಿ ತಿಕ್ಕಿದಳು. ಕಪ್ಪೆಲ್ಲ ಹೋಗಿ, ಬಿಳಿಗೆರೆಗಳೂ ಕಾಣದಂತೆ ಅಲಗು ಬೆಳ್ಳಗೆ ಹೊಳೆಯಿತು. ಕುಂಕುಮವಿಟ್ಟು, ಹೂವೇರಿಸಿ, ಹೊಸ ಸೀರೆಯುಟ್ಟು ಕಾದಳು.

ಬಾಗಿಲು ದಾಟಿ ಬಂದ ಅಪ್ಪನಿಗೆ ಕಂಡದ್ದು ಅದೇ. "ಇದೇನು ಚೊಂಬು ಅಂದ್ಕೊಂಡ್ಯಾ? ತಲೇಲಿ ಬುದ್ಧಿ ಅನ್ನೋದಿದ್ಯಾ ನಿಂಗೆ? ಖಲಾಸ್, ಎಲ್ಲಾ ಹಾಳಾಯ್ತು!" ಹಿಂದೆ ನಿಂತಿದ್ದ ನೆಂಟರಂಥ ಸ್ನೇಹಿತರು, ಅವರ ಮಕ್ಕಳು, ಎಲ್ಲರೂ ಕೇಳಿಸಿಕೊಂಡರು. ಪುಳಿಯೋಗರೆ ಹಿಡಿದಿದ್ದ ಅಮ್ಮ ಪಾತ್ರೆಯನ್ನು ಎಲ್ಲಿಡುವುದೆಂದು ತಿಳಿಯದವಳಂತೆ ಸುತ್ತ ನೋಡಿ, ಮತ್ತೆ ಅಡುಗೆಮನೆಗೇ ಹೋದಳು. ಅಪ್ಪನ ಮಗಳೆಂದು ಯಾರೂ ಗುರುತಿಸದಿರಲಿ ಎಂದು ನಾನು ಪರದೆಗೆ ಒತ್ತಿಕೊಂಡೆ.

ಅತಿಥಿಗಳ ನಡುವೆ ನಿಂತಿದ್ದ ಹಾರ್ಜೊ ಅಂಕಲ್‌ಗೆ ಕನ್ನಡ ಬಾರದು, ಬೇಕಾಗಿಯೂ ಇರಲಿಲ್ಲ. ಅವರು ಕೆರಿಸನ್ನು ಎರಡೂ ಕೈಯಲ್ಲೆತ್ತಿ ಹಣೆಗೊತ್ತಿಕೊಂಡರು. ಕುಂಕುಮ ಅವರ ಹಣೆಗೂ ಹತ್ತಿತು. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಕಪ್ಪನ್ನು ಮತ್ತೆ ಏರಿಸಬಹುದು, ಅದೇನೂ ಹಾಳಾಗಿಲ್ಲ. ನಮ್ಮಲ್ಲೂ ವರ್ಷಕ್ಕೊಮ್ಮೆ ನಿಂಬೆರಸದಲ್ಲಿ ತೊಳೆದು ಹೂವಿಡುತ್ತೇವೆ. ನೀವು ಅದನ್ನು ಅಲಂಕಾರಕ್ಕೆಂದು ಗೋಡೆಗೆ ಹಾಕಿದಾಗ ನನಗೆ ಕಷ್ಟವಾಗಿತ್ತು, ಹೇಳಲಿಲ್ಲ. ಇವತ್ತು ನಿಮ್ಮ ಹೆಂಡತಿ ಅದಕ್ಕೆ ಮರ್ಯಾದೆ ಮಾಡಿದ್ದಾರೆ."

ಅಪ್ಪನ ಕಿವಿ ಕೆಂಪಾಯಿತು. ಊಟದುದ್ದಕ್ಕೂ ಅವರು ಎಲೆಯಿಂದ ತಲೆಯೆತ್ತಲಿಲ್ಲ. ಬಡಿಸುತ್ತ ಅಮ್ಮ ಇನ್ನಷ್ಟು ಹಾಕಿಸಿಕೊಳ್ಳಿ ಎಂದು ಎಲ್ಲರನ್ನೂ ಬಲವಂತ ಮಾಡಿದಳು, ಅಪ್ಪನನ್ನೂ. ಕ್ಷಮೆ ಕೇಳುವುದು ನಮ್ಮ ಮನೆಯ ಗಂಡಸರಿಗೆ ಗೊತ್ತಿರಲಿಲ್ಲ. ಆದರೆ ಕೆರಿಸ್ ಮತ್ತೆ ಗೋಡೆಗೇರಲಿಲ್ಲ. ಕುವೈತ್ ಬಿಡುವಾಗ ಅಪ್ಪ ಎಲ್ಲ ಕೆರಿಸ್‌ಗಳನ್ನೂ ಹಾರ್ಜೊ ಅಂಕಲ್ ಕೈಗೊಪ್ಪಿಸಿದರು. ಖೈತಾನಿನ ಆ ಕಟ್ಟಡವೂ ಈಗಿಲ್ಲವಂತೆ.

ಅಮ್ಮ ಹೋದ ಮೇಲೆ ಅಪ್ಪ ನನ್ನ ಜೊತೆಗಿದ್ದರು. ಒಂದು ಸಂಜೆ, ಟೀವಿ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಕೇಳಿದರು: "ಅವತ್ತು ನಿಮ್ಮಮ್ಮ ಅಡುಗೆಮನೇಲಿ ಅತ್ತಳೇನೆ?"

ಯಾವತ್ತು ಎಂದು ನಾನು ಕೇಳಲಿಲ್ಲ. "ಇಲ್ಲಪ್ಪ" ಎಂದೆ. ಅವರು ನಂಬಲಿಲ್ಲ. ಟೀವಿಯ ಸದ್ದು ಜೋರು ಮಾಡಿದರು.