ಡಾಕ್ಟರಮ್ಮನ ಜೊತೆ ಅವ್ವನ ಮೊದಲ ಮಾತು

ಅವ್ವನ ಎದೆಯ ಗಂಟಿಗೆ ದಾವಣಗೆರೆಯಲ್ಲಿ ಚಿಕಿತ್ಸೆ ನಡೆದಿತ್ತು. ಅದು ಕ್ಯಾನ್ಸರ್ ಎಂದು ನಾವು ಅವಳಿಗೆ ಹೇಳಿರಲಿಲ್ಲ. ಅಲ್ಲಿನ ಡಾಕ್ಟರಮ್ಮನ ಜೊತೆ ಮಾತೆಲ್ಲ ನನ್ನದೇ. ಎರಡನೇ ಸಲದ ಔಷಧ ಏರಿಸಿದ ಮೇಲೆ ಅವ್ವ ಊಟ ಬಿಟ್ಟಳು. ಕೊಟ್ಟೂರಿನ ಎಸ್‌ಟಿಡಿ ಬೂತಿಗೆ ಅವಳನ್ನೂ ಕರೆದುಕೊಂಡು ಹೋಗಿ ಫೋನ್ ಮಾಡಿದೆ.

"ಅವರಿಗೇ ಕೊಡಿ," ಎಂದರು ಡಾಕ್ಟರಮ್ಮ.

ಅವ್ವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗಾಜಿನ ಬಾಗಿಲಾಚೆ ಬಿಸಿಲಿನಲ್ಲಿ ಬಸ್ಸುಗಳು ನೀರೊಳಗೆ ತೇಲುವಂತೆ ಸದ್ದಿಲ್ಲದೆ ಹೋಗುತ್ತಿದ್ದವು.

"ಬಾಯಾಗ ಕಬ್ಬಿಣ ಇಟ್ಟಂಗ ಆಗೈತ್ರಿ ಅಮ್ಮಾರ. ರೊಟ್ಟಿ ಇಳಿಯವಲ್ದು. ಕ್ಯಾನ್ಸರ್ ಬಾಯಿಗೂ ಬಂತೇನ್ರಿ?"

ಅವಳಿಗೆ ಎಲ್ಲ ಗೊತ್ತಿತ್ತು.

ಆ ಕಡೆಯಿಂದ ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿದರು. ಅವ್ವ ಕಣ್ಣು ಮುಚ್ಚಿ, ದೂರದ ಹಾಡು ಕೇಳುವವಳಂತೆ ತಲೆದೂಗುತ್ತಿದ್ದಳು. ಫೋನ್ ಇಟ್ಟವಳೇ ನನ್ನ ಕಡೆ ತಿರುಗಿದಳು.

"ಅದು ಔಷಧದ ರುಚಿಯಂತ. ನಿಂಬಿಹಣ್ಣು ಹಿಂಡ್ಕೊಂಡು ಅನ್ನ ಉಣ್ಣಂದ್ರು. ಇಷ್ಟು ದಿನ ಯಾರನ್ನ ಕೇಳ್ಲಿ ಅಂತ ಸುಮ್ನಿದ್ದೆ."

ಅವತ್ತು ಮಧ್ಯಾಹ್ನ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು. ಆಮೇಲೆ ಪ್ರತಿ ಸಲವೂ ಅವಳೇ ಫೋನ್ ಮಾಡಿದಳು. ನಾನು ನಂಬರು ಒತ್ತಿಕೊಟ್ಟು ಹೊರಗೆ ನಿಲ್ಲುತ್ತಿದ್ದೆ. ಚಿಕಿತ್ಸೆ ಮುಗಿದ ಮೇಲೆ, ಉದುರಿದ್ದ ಅವಳ ಕೂದಲು ಮತ್ತೆ ಬಂತು, ಮಗುವಿನ ಕೂದಲಿನಷ್ಟು ಮೆತ್ತಗೆ.