ರೆಗ್ಯುಲೇಟರಿಗೆ ಎಣ್ಣೆ

ಎಪ್ಪತ್ತರ ದಶಕದಲ್ಲಿ ನಾನು ಗದಗಿನಲ್ಲಿ ಗ್ಯಾಸ್ ರೆಗ್ಯುಲೇಟರ್ ರಿಪೇರಿ ಮಾಡುತ್ತಿದ್ದೆ. ಒಮ್ಮೆ ಲಕ್ಷ್ಮೇಶ್ವರದ ವೆಲ್ಡಿಂಗ್ ಅಂಗಡಿಯಿಂದ ಕರೆ ಬಂತು. ಅಲ್ಲಿಯ ಮಿಸ್ತ್ರಿ ಆಕ್ಸಿಜನ್ ಸಿಲಿಂಡರಿಗೆ ರೆಗ್ಯುಲೇಟರ್ ಜೋಡಿಸಿ ವಾಲ್ವ್ ತಿರುವಿದ ಕೂಡಲೇ ಬೆಂಕಿ ಎದ್ದು, ಹಿಂದಿನ ವಾರ ತೀರಿಕೊಂಡಿದ್ದ. ಹೋಗಿ ನೋಡಿದರೆ, ಸುಟ್ಟ ರೆಗ್ಯುಲೇಟರಿನ ತಿರುಪಿನಲ್ಲಿ ಎಣ್ಣೆಯ ಜಿಡ್ಡು ಕರಿಗಟ್ಟಿತ್ತು.

"ಯಾಕ ಹಿಂಗಾತ್ರಿ ಅಣ್ಣಾರ?" ಎಂದಳು ಅವನ ಹೆಂಡತಿ. "ತಿರುಪು ಬಿಗಿ ಐತಿ ಅಂದ್ರು. ಅಡಿಗಿಮನಿಯಿಂದ ನಾನ ಎಣ್ಣಿ ತಂದು ಕೊಟ್ಟಿದ್ದೆ."

ರೆಗ್ಯುಲೇಟರ್ ಹಳೆಯದು, ಸವೆದಿತ್ತು ಎಂದುಬಿಡಬಹುದಿತ್ತು. ಆದರೆ ಅವಳ ಮೈದುನ ಪಕ್ಕದಲ್ಲೇ ನಿಂತಿದ್ದ. ಇನ್ನು ಮುಂದೆ ಅಂಗಡಿ ನಡೆಸುವವನು ಅವನೇ.

"ತಂಗೀ, ಸಿಲಿಂಡರಿನ ಒತ್ತಡದಾಗ ಆಕ್ಸಿಜನ್ನಿಗೆ ಎಣ್ಣಿ ತಾಗಿದ್ರ ಕಡ್ಡಿ ಗೀರೂದು ಬ್ಯಾಡ, ತಾನ ಹೊತ್ಕೋತೈತಿ," ಎಂದೆ. "ಎಷ್ಟ ಬಿಗಿ ಇದ್ರೂ ಎಣ್ಣಿ, ಗ್ರೀಸು ಮುಟ್ಟಿಸಬಾರದು. ವಾಲ್ವ್ ಸಾವಕಾಶ ತಿರುವಬೇಕು. ಇದು ಅವರಿಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಿರಲಿಲ್ಲ."

ಅವಳು ಅಳಲಿಲ್ಲ. ಎಣ್ಣೆ ತಂದುಕೊಟ್ಟ ತನ್ನ ಅಂಗೈಯನ್ನೇ ನೋಡಿಕೊಂಡಳು. ಅಷ್ಟರಲ್ಲಿ ಮೈದುನ ಮೂಲೆಯಲ್ಲಿದ್ದ ಇನ್ನೊಂದು ಸಿಲಿಂಡರಿನತ್ತ ಕೈ ಚಾಚಿದ.

"ಕೈ ಜಿಡ್ಡು ಐತಿ ನೋಡಪಾ! ಮೊದಲ ಸೋಪು ಹಚ್ಚಿ ತೊಳಕೊಂಡು ಬಾ," ಎಂದಳು. ಆಗ ಅವಳ ದನಿ ಒಡೆಯಿತು.

ಆಮೇಲೆ ಮುಂಡರಗಿ, ಶಿರಹಟ್ಟಿ, ಎಲ್ಲಿ ಹೋದರೂ ನಾನು ಮೊದಲು ಇದನ್ನೇ ಹೇಳುತ್ತಿದ್ದೆ. "ಎಣ್ಣಿಗೆ ಅಂಜೋ ಮೆಕ್ಯಾನಿಕ್ ಬಂದ್ರು," ಎಂದು ಮಿಸ್ತ್ರಿಗಳು ನಗುತ್ತಿದ್ದರು. ನಗಲಿ ಬಿಡಿ, ನಗಲಿಕ್ಕೆ ಅವರಾದರೂ ಇದ್ದರಲ್ಲ.